ಕಣ್ಣೂರಿನ ಹುಡುಗ, ಕೊಯಮತ್ತೂರಿನ ಗುರು

ತಮಿಳುನಾಡಿನ ಸರಕಾರೀ ಸಮಾರಂಭಗಳು ಆರಂಭವಾಗುವುದು ‘ತಮಿಳ್ ತಾಯ್ ವಾಳ್ತು’ ಎಂಬ ನಾಡಗೀತೆಯಿಂದ. ಪದ್ಯ ಮನೋನ್ಮಣೀಯಂ ಸುಂದರಂ ಪಿಳ್ಳೆಯವರದು. 1970ರಲ್ಲಿ ಸರಕಾರವು ಗೊತ್ತುಪಡಿಸಿದ ಆ ಗೀತೆಯನ್ನು ಮೋಹನ ರಾಗದ ಧಾಟಿಗೆ ಅಳವಡಿಸಿದವರು ಮಲಯಾಳಿ ಮನೆಯಲ್ಲಿ ಹುಟ್ಟಿ, ನಮ್ಮ ನೆರೆಯ ಕಣ್ಣೂರಿನಲ್ಲಿ ಬೆಳೆದ ಎಂ. ಎಸ್. ವಿಶ್ವನಾಥನ್. ಒಂದು ಭಾಷೆಯನ್ನು ಮನೆಯಲ್ಲಿಯೂ ಇನ್ನೊಂದನ್ನು ಕಚೇರಿಯಲ್ಲಿಯೂ ಆಡುವ ನಮ್ಮಂಥವರಿಗೆ ಇದು ಸಣ್ಣ ಸಂಗತಿಯಲ್ಲ.

ವಿಶ್ವನಾಥನ್ ಹುಟ್ಟಿದ್ದು 1928ರ ಜೂನ್ 24ರಂದು, ಪಾಲಕ್ಕಾಡಿನ ಎಲಪ್ಪುಳ್ಳಿಯಲ್ಲಿ. ನಾಲ್ಕು ವರ್ಷವಾಗಿದ್ದಾಗಲೇ ತಂದೆ ತೀರಿಕೊಂಡರು. ದಿಕ್ಕುತೋಚದ ತಾಯಿ ಮಗನೊಂದಿಗೆ ಪ್ರಾಣ ಬಿಡಲು ಹೊರಟಿದ್ದರೆಂದೂ, ಅಜ್ಜ ಸಕಾಲದಲ್ಲಿ ತಡೆದರೆಂದೂ ಅವರ ಜೀವನಕಥೆಯಲ್ಲಿ ಬರುತ್ತದೆ. ಅಜ್ಜನಿಗೆ ಕಣ್ಣೂರು ಜೈಲಿನಲ್ಲಿ ನೌಕರಿ. ಹೀಗೆ ಹುಡುಗ ಕಣ್ಣೂರಿಗೆ ಬಂದ. ಅಲ್ಲಿ ನೀಲಕಂಠ ಭಾಗವತರ ಬಳಿ ಕರ್ನಾಟಕ ಸಂಗೀತದ ಪಾಠವಾಯಿತು. ಹದಿಮೂರನೆಯ ವಯಸ್ಸಿನಲ್ಲಿ ತಿರುವನಂತಪುರದಲ್ಲಿ ಮೊದಲ ಕಚೇರಿಯೂ ಆಯಿತು. ಆದರೆ ಹುಡುಗನಿಗೆ ನಟನಾಗುವ ಹುಚ್ಚು. ಅದು ಅವನನ್ನು ಕೊಯಮತ್ತೂರಿಗೆ ಎಳೆಯಿತು.

ಆಗ ಕೊಯಮತ್ತೂರೆಂದರೆ ಬರೇ ಗಿರಣಿಗಳ ಊರಲ್ಲ. ಸಾಮಿಕಣ್ಣು ವಿನ್ಸೆಂಟರು 1914ರಷ್ಟು ಹಿಂದೆಯೇ ಅಲ್ಲಿ ವೆರೈಟಿ ಹಾಲ್ ಎಂಬ ಚಿತ್ರಮಂದಿರವನ್ನು ಕಟ್ಟಿದ್ದರು. ಸಿಂಗಾನಲ್ಲೂರಿನಲ್ಲಿ ಸೆಂಟ್ರಲ್ ಸ್ಟುಡಿಯೋ, ಪುಲಿಯಕುಲಂ ಕಡೆಗೆ ಪಕ್ಷಿರಾಜ ಸ್ಟುಡಿಯೋ. ಎಂ. ಜಿ. ಆರ್. ಅವರು ನಾಯಕರಾಗಿ ಮೊದಲು ಕಾಣಿಸಿಕೊಂಡ 1947ರ ‘ರಾಜಕುಮಾರಿ’ ಜೂಪಿಟರ್ ಸಂಸ್ಥೆಯವರು ಅಲ್ಲಿ ತಯಾರಿಸಿದ್ದು. ಚಿತ್ರಗೀತೆಗಳನ್ನು ಬರೆದ ಉಡುಮಲೈ ನಾರಾಯಣ ಕವಿಗಳೂ ಇದೇ ಸೀಮೆಯವರು. ಅವರ ಉಡುಮಲೈ 2009ರಲ್ಲಿ ರಚನೆಯಾದ ತಿರುಪ್ಪೂರು ಜಿಲ್ಲೆಗೆ ಸೇರಿತು. ಮನೆಮಾತು ಕನ್ನಡವಾಗಿರುವ ದೇವಾಂಗ ನೇಕಾರರೂ ಒಕ್ಕಲಿಗರೂ ಈ ಎರಡು ಜಿಲ್ಲೆಗಳಲ್ಲಿ ತಲೆಮಾರುಗಳಿಂದ ನೆಲೆಸಿದ್ದಾರೆಂಬುದನ್ನೂ ಇಲ್ಲಿ ನೆನೆಯಬಹುದು.

ಜೂಪಿಟರ್ ಸಂಸ್ಥೆಯ ಸಂಗೀತ ನಿರ್ದೇಶಕರು ಎಸ್. ಎಂ. ಸುಬ್ಬಯ್ಯ ನಾಯ್ಡು. ನಟನಾಗಲೆಂದು ಬಂದ ವಿಶ್ವನಾಥನ್ ಸಣ್ಣಪುಟ್ಟ ಪಾತ್ರಗಳಾಚೆ ಹೋಗಲಿಲ್ಲ. ನಾಯ್ಡು ಅವರ ಸಂಗೀತ ವಿಭಾಗದಲ್ಲಿ ಹೇಳಿದ ಕೆಲಸ ಮಾಡಿಕೊಂಡಿರುವ ಆಳಾದರು. ವಾದ್ಯಗಾರರು ಊಟಕ್ಕೆಂದು ಎದ್ದು ಹೋದಾಗ ಹಾರ್ಮೋನಿಯಂ ಮುಂದೆ ಕುಳಿತು ತನಗೆ ತೋಚಿದ ಧಾಟಿಯೊಂದನ್ನು ನುಡಿಸುತ್ತಿದ್ದುದು ಒಂದು ದಿನ ಗುರುವಿನ ಕಿವಿಗೆ ಬಿತ್ತು. ನಾಯ್ಡು ಗದರಲಿಲ್ಲ. ಧಾಟಿಯನ್ನೇ ಬಳಸಿಕೊಂಡರು. 1948ರ ‘ಅಭಿಮನ್ಯು’ ಚಿತ್ರದಲ್ಲಿ ಅದು ಹಾಡಾಯಿತು. ಹೆಸರು ಮಾತ್ರ ಗುರುವಿನದು. ಹುಡುಗನೊಬ್ಬ ಹಾಕಿದ ಧಾಟಿಯೆಂದರೆ ಯಾರೂ ಒಪ್ಪಲಾರರು, ಸುಮ್ಮನಿರು ಎಂದು ನಾಯ್ಡು ತಿಳಿಹೇಳಿದ್ದರಂತೆ.

ಇಷ್ಟರಲ್ಲೇ ಮುಗಿದಿದ್ದರೆ ಇದು ಸಿನಿಮಾ ಲೋಕದ ಮಾಮೂಲು ಕಥೆಯಾಗುತ್ತಿತ್ತು. ಸಹಾಯಕನ ಧಾಟಿ ಯಜಮಾನನ ಹೆಸರಿನಲ್ಲಿ ಹೊರಬರುವುದು ಅಂದೂ ಇತ್ತು, ಮುಂದೆಯೂ ನಡೆಯಿತು. ಆದರೆ ಜೂಪಿಟರ್ ಸಂಸ್ಥೆಯು ಕೊಯಮತ್ತೂರಿನ ಗಂಟುಮೂಟೆ ಕಟ್ಟಿ ಮದರಾಸಿಗೆ ಹೊರಟಾಗ ನೌಕರರನ್ನು ಬಿಡುಗಡೆ ಮಾಡಲಾಯಿತು. ಆಗ ನಾಯ್ಡು ಮಾಲೀಕ ಸೋಮಸುಂದರಂ ಅವರ ಬಳಿಗೆ ಹೋಗಿ, ನನ್ನ ಹೆಸರಿನಲ್ಲಿ ಬಂದ ಧಾಟಿಗಳಲ್ಲಿ ಕೆಲವು ಈ ಹುಡುಗನವು, ಇವನನ್ನು ಕರೆದುಕೊಂಡು ಹೋಗಿ ಎಂದು ಹೇಳಿಬಿಟ್ಟರು. ಇದನ್ನು ವಿಶ್ವನಾಥನ್ ಅವರೇ ಸಂದರ್ಶನಗಳಲ್ಲಿ ಹಲವು ಬಾರಿ ಹೇಳಿಕೊಂಡಿದ್ದಾರೆ. ತನ್ನ ಉದ್ಯೋಗವೇ ತೂಗಾಡುತ್ತಿದ್ದ ಹೊತ್ತಿನಲ್ಲಿ ಹೆಸರನ್ನು ಬಿಟ್ಟುಕೊಡುವುದು ಸುಲಭವಾಗಿರಲಾರದು ಎಂಬುದು ನಮ್ಮ ಎಣಿಕೆ.

ಮದರಾಸಿನಲ್ಲಿ ಸಿ. ಆರ್. ಸುಬ್ಬರಾಮನ್ ಅವರ ಬಳಗ ಸಿಕ್ಕಿತು. 1952ರಲ್ಲಿ ಸುಬ್ಬರಾಮನ್ ಅಕಾಲದಲ್ಲಿ ತೀರಿಹೋದರು. ಅರ್ಧದಲ್ಲಿ ನಿಂತ ಕೆಲಸಗಳನ್ನು ವಿಶ್ವನಾಥನ್ ಮತ್ತು ಪಿಟೀಲುವಾದಕ ಟಿ. ಕೆ. ರಾಮಮೂರ್ತಿ ಮುಗಿಸಿಕೊಟ್ಟರು. ಅದೇ ವರ್ಷದ ‘ಪಣಂ’ ಚಿತ್ರದಿಂದ ಈ ಜೋಡಿಯ ಹೆಸರು ತೆರೆಗೆ ಬಂತು. 1963ರಲ್ಲಿ ಇಬ್ಬರಿಗೂ ‘ಮೆಲ್ಲಿಸೈ ಮನ್ನರ್’, ಅಂದರೆ ಲಘು ಸಂಗೀತದ ದೊರೆಗಳು ಎಂಬ ಬಿರುದು ದೊರೆಯಿತು. 1965ರಲ್ಲಿ ಜೋಡಿ ಒಡೆಯಿತು. ಆ ಕಾಲದಲ್ಲಿ ಧ್ವನಿಮುದ್ರಣವೆಂದರೆ ಗಾಯಕರೂ ಇಡೀ ವಾದ್ಯಮೇಳವೂ ಏಕಕಾಲದಲ್ಲಿ ನುಡಿಯಬೇಕು. ಒಬ್ಬ ತಪ್ಪಿದರೆ ಎಲ್ಲರೂ ಮೊದಲಿನಿಂದ. ಅಂಥ ಮೇಳವನ್ನು ಕೈಸನ್ನೆಯಲ್ಲಿ ನಡೆಸುವುದು ಪಶ್ಚಿಮದ ವಾದ್ಯವೃಂದ ನಿರ್ದೇಶಕನ ಕೆಲಸಕ್ಕಿಂತ ಕಡಿಮೆಯದಲ್ಲ.

ಈ ಗರಡಿಯ ಫಲ ಕನ್ನಡಕ್ಕೂ ಸಂದಿದೆ. ಸುಬ್ಬರಾಮನ್ ಬಳಗದಲ್ಲಿ ವಿಶ್ವನಾಥನ್ ಅವರ ಒಡನಾಡಿಯಾಗಿದ್ದ ಜಿ. ಕೆ. ವೆಂಕಟೇಶ್ ಅವರೇ ‘ಕಸ್ತೂರಿ ನಿವಾಸ’, ‘ಬಂಗಾರದ ಮನುಷ್ಯ’ಗಳ ಸಂಗೀತ ನಿರ್ದೇಶಕರು. 1974ರ ‘ಸಂಪತ್ತಿಗೆ ಸವಾಲ್’ನಲ್ಲಿ ರಾಜಕುಮಾರ್ ಅವರಿಂದ ಹಾಡಿಸಿದವರೂ ಅವರೇ. ವೆಂಕಟೇಶ್ ಅವರ ಕೈಕೆಳಗೆ ಗಿಟಾರ್ ಹಿಡಿದು, ಸಹಾಯಕರಾಗಿ ದುಡಿದ ಇಳೆಯರಾಜ 2025ರ ಮಾರ್ಚ್ 8ರಂದು ಲಂಡನ್ನಿನಲ್ಲಿ ತಮ್ಮ ಸಿಂಫನಿಯನ್ನು ರಾಯಲ್ ಫಿಲ್‌ಹಾರ್ಮೋನಿಕ್ ವಾದ್ಯವೃಂದದಿಂದ ನುಡಿಸಿದರು. ಅವರು 1986ರಲ್ಲಿ ವಿಶ್ವನಾಥನ್ ಅವರ ಜೊತೆ ಕೂಡಿ ‘ಮೆಲ್ಲ ತಿರಂದದು ಕದವು’ ಚಿತ್ರಕ್ಕೆ ಸಂಗೀತ ನೀಡಿದ್ದರು.

ವಿಶ್ವನಾಥನ್ 2015ರ ಜುಲೈ 14ರಂದು ಚೆನ್ನೈಯಲ್ಲಿ ನಿಧನರಾದರು. ಪದ್ಮ ಪ್ರಶಸ್ತಿಯೊಂದೂ ಅವರ ಪಾಲಿಗೆ ಬರಲಿಲ್ಲ; ಅಭಿಮಾನಿಗಳಿಗೆ ಆ ಕೊರಗು ಇದ್ದೇ ಇದೆ. ಸುಬ್ಬಯ್ಯ ನಾಯ್ಡು ಅವರಿಗಿಂತ ಬಹು ಮೊದಲೇ, 1979ರಲ್ಲಿ ತೀರಿಕೊಂಡಿದ್ದರು. ಕೊನೆಯ ವರ್ಷಗಳಲ್ಲಿ ಆ ವೃದ್ಧ ದಂಪತಿಗಳನ್ನು ತಮ್ಮ ಮನೆಯಲ್ಲಿರಿಸಿಕೊಂಡು ನೋಡಿಕೊಂಡದ್ದೂ, ಮಗನ ಸ್ಥಾನದಲ್ಲಿ ನಿಂತು ಗುರುವಿನ ಅಂತ್ಯಕ್ರಿಯೆ ನಡೆಸಿದ್ದೂ ವಿಶ್ವನಾಥನ್ ಎಂದು ಅವರನ್ನು ಬಲ್ಲವರು ಹೇಳುತ್ತಾರೆ.