ಭಗ್ನಾವಶೇಷ
ಕುಸಿದ ಕಟ್ಟಡದ, ಒಡೆದ ಹಡಗಿನ ಚೆಲ್ಲಾಪಿಲ್ಲಿಯಾದ ಚೂರುಗಳನ್ನು ‘ಭಗ್ನಾವಶೇಷ’ ಎನ್ನುವುದು ವಾಡಿಕೆ. ಸಂಸ್ಕೃತದಿಂದ ಬಂದ ಈ ಪದದಲ್ಲಿ ಎರಡು ಭಾಗಗಳಿವೆ. ‘ಭಂಜ್’ ಧಾತುವಿನಿಂದಾದ ‘ಭಗ್ನ’ಕ್ಕೆ ಮುರಿದುದು ಎಂದರ್ಥ, ‘ಶಿಷ್’ ಧಾತುವಿನಿಂದಾದ ‘ಅವಶೇಷ’ಕ್ಕೆ ಉಳಿದುದು ಎಂದರ್ಥ. ಭಾಗಾಕಾರದ ಕೊನೆಗೆ ಉಳಿಯುವ ಸಂಖ್ಯೆಯೂ ‘ಶೇಷ’ವೇ. ಫ್ರೆಂಚ್ ಮೂಲದ ‘ಡೆಬ್ರಿ’ ಎಂಬ ಇಂಗ್ಲಿಷ್ ಪದದ ಮೂಲವು ಮುರಿಯುವಿಕೆಯನ್ನಷ್ಟೇ ಸೂಚಿಸಿದರೆ, ಭಗ್ನಾವಶೇಷವು ಉಳಿವನ್ನೂ ಸಾರುತ್ತದೆ.

ಇದಕ್ಕೆ ಹಂಪೆಯೇ ಸಾಕ್ಷಿ. 1565ರ ಯುದ್ಧದ ತರುವಾಯ ವಿಜಯನಗರವು ಹಾಳಾಯಿತು. ಆದರೂ ಉಳಿದ ಗುಡಿ, ಕಂಬ, ಕಾಲುವೆ, ಶಾಸನಗಳು ಆ ನಗರದ ಬಾಳನ್ನು ಇಂದಿಗೂ ತಿಳಿಸುತ್ತವೆ. 1986ರಲ್ಲಿ ಯುನೆಸ್ಕೊ ಸಂಸ್ಥೆಯು ಅವುಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. 2019ರಲ್ಲಿ ಕೆಲವರು ಅಲ್ಲಿನ ಕಂಬಗಳನ್ನು ಉರುಳಿಸಿದಾಗ, ಅವರೇ ಅವುಗಳನ್ನು ಮರಳಿ ನಿಲ್ಲಿಸಬೇಕೆಂದು ನ್ಯಾಯಾಲಯವು ಆದೇಶಿಸಿತು. ಮುರಿದುದನ್ನು ಮತ್ತೆ ಮುರಿದರೆ ಶೇಷವೂ ಅಳಿಯುತ್ತದೆ. ಅದನ್ನು ಕಾಪಾಡುವುದು ಎಲ್ಲರ ಹೊಣೆ.