ಓಷನ್ ವಾಯೇಜರ್ ತೊಟ್ಟಿಯಲ್ಲಿ ಶಾರ್ಕ್‌ಗಳೊಂದಿಗೆ ಸ್ಕೂಬಾ ಡೈವಿಂಗ್

ಓಷನ್ ವಾಯೇಜರ್ ಎಂಬುದು ಅಮೆರಿಕ ಸಂಯುಕ್ತ ಸಂಸ್ಥಾನದ ಅಟ್ಲಾಂಟಾ ನಗರದ ಜಾರ್ಜಿಯಾ ಅಕ್ವೇರಿಯಂನಲ್ಲಿರುವ ಬೃಹತ್ ಉಪ್ಪುನೀರಿನ ತೊಟ್ಟಿ. ಜಗತ್ತಿನ ಅತಿ ದೊಡ್ಡ ಮೀನಾದ ತಿಮಿಂಗಿಲ ಶಾರ್ಕ್‌ಗೆಂದೇ ಇದನ್ನು ವಿನ್ಯಾಸಗೊಳಿಸಲಾಯಿತು. ತರಬೇತಿಯ ಪ್ರಮಾಣಪತ್ರ ಪಡೆದ ಸಾರ್ವಜನಿಕರು ಸ್ಕೂಬಾ ಸಾಧನ ಧರಿಸಿ ಈ ತೊಟ್ಟಿಯಲ್ಲಿ ಮುಳುಗಿ, ಶಾರ್ಕ್‌ಗಳನ್ನು ಪಂಜರದ ಅಡ್ಡಿಯಿಲ್ಲದೆ ನೋಡಬಹುದು. ಈ ಬಗೆಯ ಡೈವಿಂಗ್ ಮನರಂಜನೆಯೂ ಹೌದು, ಶಿಕ್ಷಣವೂ ಹೌದು. ಆದರೆ ಸಾಗರದಲ್ಲಿ ಸಾವಿರಾರು ಕಿಲೋಮೀಟರ್ ಸಂಚರಿಸುವ ಪ್ರಾಣಿಯನ್ನು ಗೋಡೆಗಳ ನಡುವೆ ಇಡುವುದು ಸರಿಯೇ ಎಂಬ ಪ್ರಶ್ನೆ ಇದರ ಬೆನ್ನಿಗೇ ಇದೆ.

ಹಿನ್ನೆಲೆ

ಹೋಮ್ ಡಿಪೋ ಸಂಸ್ಥೆಯ ಸಹಸಂಸ್ಥಾಪಕ ಬರ್ನಿ ಮಾರ್ಕಸ್ ನೀಡಿದ 25 ಕೋಟಿ ಡಾಲರ್ ದೇಣಿಗೆಯ ನೆರವಿನಿಂದ ಜಾರ್ಜಿಯಾ ಅಕ್ವೇರಿಯಂ ನಿರ್ಮಾಣಗೊಂಡು, 2005ರ ನವೆಂಬರ್‌ನಲ್ಲಿ ಸಾರ್ವಜನಿಕರಿಗೆ ತೆರೆಯಿತು. ಇಲ್ಲಿನ ತಿಮಿಂಗಿಲ ಶಾರ್ಕ್‌ಗಳನ್ನು ತೈವಾನಿನಿಂದ ವಿಮಾನದಲ್ಲಿ ತರಲಾಯಿತು. ಆಗ ತೈವಾನಿನಲ್ಲಿ ಮಾಂಸಕ್ಕಾಗಿ ಈ ಮೀನನ್ನು ಹಿಡಿಯಲು ವಾರ್ಷಿಕ ಮಿತಿಯೊಳಗೆ ಅನುಮತಿಯಿತ್ತು. ಅಕ್ವೇರಿಯಂಗೆ ಬಂದವು ಆ ಪಾಲಿಗೆ ಸೇರಿದ ಮೀನುಗಳು. 2008ರಿಂದ ತೈವಾನ್ ಇವುಗಳ ಬೇಟೆಯನ್ನು ಸಂಪೂರ್ಣವಾಗಿ ನಿಷೇಧಿಸಿತು.

ತೊಟ್ಟಿಯ ರಚನೆ

ಓಷನ್ ವಾಯೇಜರ್ ತೊಟ್ಟಿಯಲ್ಲಿ ಸುಮಾರು 63 ಲಕ್ಷ ಗ್ಯಾಲನ್, ಅಂದರೆ 2.4 ಕೋಟಿ ಲೀಟರಿನಷ್ಟು ನೀರಿದೆ. ಉದ್ದ ಸುಮಾರು 87 ಮೀಟರ್, ಅಗಲ ಸುಮಾರು 38 ಮೀಟರ್. ಆಳ ಜಾಗದಿಂದ ಜಾಗಕ್ಕೆ 6ರಿಂದ 9 ಮೀಟರಿನಷ್ಟಿದೆ. ಅಟ್ಲಾಂಟಾ ಸಮುದ್ರತೀರದಿಂದ ನೂರಾರು ಕಿಲೋಮೀಟರ್ ಒಳನಾಡಿನಲ್ಲಿರುವುದರಿಂದ, ಸಿಹಿನೀರಿಗೆ ಲವಣಗಳನ್ನು ಬೆರೆಸಿ ಕಡಲನೀರನ್ನು ಕೃತಕವಾಗಿ ಸಿದ್ಧಪಡಿಸಲಾಗುತ್ತದೆ. ಪಂಪುಗಳು ಈ ನೀರನ್ನು ಎಡೆಬಿಡದೆ ಶೋಧಕಗಳ ಮೂಲಕ ಹಾಯಿಸುತ್ತವೆ. ನೋಡುಗರಿಗಾಗಿ ತೊಟ್ಟಿಯ ತಳದಲ್ಲಿ ಸುಮಾರು 30 ಮೀಟರ್ ಉದ್ದದ ಪಾರದರ್ಶಕ ಸುರಂಗವಿದೆ. ಮುಖ್ಯ ವೀಕ್ಷಣಾ ಗವಾಕ್ಷಿಯ ಅಕ್ರಿಲಿಕ್ ಹಲಗೆಯ ದಪ್ಪವೇ ಸುಮಾರು ಎರಡು ಅಡಿ.

ತಿಮಿಂಗಿಲ ಶಾರ್ಕ್‌ಗಳ ಜೊತೆಗೆ ಮಾಂಟಾ ತೊರಕೆ, ಇತರ ಜಾತಿಯ ಶಾರ್ಕ್‌ಗಳು ಮತ್ತು ಸಾವಿರಾರು ಸಣ್ಣ ಮೀನುಗಳು ಇದೇ ತೊಟ್ಟಿಯನ್ನು ಹಂಚಿಕೊಂಡಿವೆ.

ತಿಮಿಂಗಿಲ ಶಾರ್ಕ್ ಮತ್ತು ಮನುಷ್ಯ

ಹೆಸರಿನಲ್ಲಿ ತಿಮಿಂಗಿಲವಿದ್ದರೂ ಇದು ಸ್ತನಿಯಲ್ಲ. ಕಿವಿರುಗಳಿಂದ ಉಸಿರಾಡುವ ಮೀನು. 12 ಮೀಟರಿಗೂ ಮೀರಿ ಬೆಳೆಯಬಲ್ಲ ಈ ಮೀನಿನ ಬಾಯಿ ಒಂದು ಮೀಟರಿಗಿಂತ ಅಗಲವಾಗಿದ್ದರೂ ಗಂಟಲು ಕಿರಿದು. ಹಲ್ಲುಗಳು ಸಾವಿರಾರು ಇದ್ದರೂ ತೀರ ಚಿಕ್ಕವು. ಕಚ್ಚುವುದಕ್ಕೆ ಅವು ಉಪಯೋಗಕ್ಕೆ ಬರುವುದಿಲ್ಲ. ನೀರನ್ನು ಬಾಯೊಳಗೆ ಸೆಳೆದು, ಅದರಲ್ಲಿನ ಸೂಕ್ಷ್ಮಜೀವಿಗಳನ್ನೂ ಸಣ್ಣ ಮೀನುಗಳನ್ನೂ ಸೋಸಿ ತಿನ್ನುವುದು ಇದರ ಆಹಾರಕ್ರಮ. ತೊಟ್ಟಿಯಲ್ಲಿ ಸಿಬ್ಬಂದಿ ಪುಟ್ಟ ದೋಣಿಗಳಲ್ಲಿ ಕುಳಿತು, ಉದ್ದ ಹಿಡಿಯ ಸೌಟಿನಿಂದ ಪ್ರತಿಯೊಂದಕ್ಕೂ ಪ್ರತ್ಯೇಕವಾಗಿ ಆಹಾರ ನೀಡುತ್ತಾರೆ. ಇದರಿಂದ ಯಾವ ಮೀನು ಎಷ್ಟು ತಿಂದಿತೆಂಬುದು ದಿನವೂ ತಿಳಿಯುತ್ತದೆ. ಹಸಿವು ಕುಗ್ಗುವುದು ಅನಾರೋಗ್ಯದ ಮೊದಲ ಸೂಚನೆಗಳಲ್ಲೊಂದು.

ಈ ಶಾರ್ಕ್ ಮನುಷ್ಯನನ್ನು ಬೇಟೆಯೆಂದು ಕಾಣುವುದಿಲ್ಲ. ದಾರಿಗೆ ಅಡ್ಡ ಬಂದವರಿಗೆ ಅದರ ಬಲವಾದ ಬಾಲದ ಹೊಡೆತ ತಗಲಬಹುದೆಂಬುದೇ ಮುಖ್ಯ ಎಚ್ಚರಿಕೆ. ಹುಲಿ ಶಾರ್ಕ್, ಸುತ್ತಿಗೆತಲೆ ಶಾರ್ಕ್‌ಗಳಂತಹ ಬೇಟೆಗಾರ ಜಾತಿಗಳಿಗೆ ಇದೇ ಅಕ್ವೇರಿಯಂನಲ್ಲಿ 2020ರಲ್ಲಿ ಬೇರೊಂದು ವಿಭಾಗ ತೆರೆಯಿತು. ಅಲ್ಲಿ ಸಂದರ್ಶಕರನ್ನು ಪಂಜರದೊಳಗೆ ಇರಿಸಿಯೇ ನೀರಿಗಿಳಿಸಲಾಗುತ್ತದೆ.

ಡೈವಿಂಗ್ ಕ್ರಮ

ನೀರಿಗಿಳಿಯುವ ಮೊದಲು ಪರಿಚಯ ಪಾಠವಿರುತ್ತದೆ. ಮುಳುಗುವ ಉಡುಪು, ಗಾಳಿ ಸಿಲಿಂಡರ್ ಮೊದಲಾದವನ್ನು ಅಕ್ವೇರಿಯಂ ಒದಗಿಸುತ್ತದೆ. ಹೊರಗಿನ ಸಾಧನಗಳಿಗೆ ಅಂಟಿದ ರೋಗಾಣುಗಳು ತೊಟ್ಟಿಯನ್ನು ಸೇರದಂತೆ ತಡೆಯುವುದಕ್ಕೂ ಇದು ಸಹಾಯಕ. ನೀರಿನೊಳಗೆ ಮಾರ್ಗದರ್ಶಕರು ಸದಾ ಜೊತೆಗಿರುತ್ತಾರೆ. ಪ್ರಾಣಿಗಳನ್ನು ಮುಟ್ಟುವುದು, ಬೆನ್ನಟ್ಟುವುದು ನಿಷಿದ್ಧ. ಅವುಗಳಿಗೆ ದಾರಿ ಬಿಡುವ ಹೊಣೆ ಮುಳುಗುಗಾರನದು. ಗಾಯಗೊಂಡ ಮಾಜಿ ಸೈನಿಕರಿಗಾಗಿ ಅಕ್ವೇರಿಯಂ ವಿಶೇಷ ಡೈವಿಂಗ್ ಕಾರ್ಯಕ್ರಮವನ್ನೂ ನಡೆಸಿದೆ. ದೇಹದ ಭಾರ ತಿಳಿಯದ ನೀರಿನಲ್ಲಿ, ಕಾಲು ಕಳೆದುಕೊಂಡವರೂ ಸರಾಗವಾಗಿ ಚಲಿಸಬಲ್ಲರು.

ಅಪಾಯ ಎಲ್ಲಿದೆ?

ಜನಸಾಮಾನ್ಯರ ಭಯವೆಲ್ಲ ಶಾರ್ಕಿನ ಸುತ್ತ ಇರುತ್ತದೆ. ವಾಸ್ತವದಲ್ಲಿ ಹೆಚ್ಚಿನ ಎಚ್ಚರ ಬೇಕಿರುವುದು ಗಾಳಿಯ ವಿಷಯದಲ್ಲಿ. ನೀರಿನಲ್ಲಿ ಪ್ರತಿ 10 ಮೀಟರ್ ಆಳಕ್ಕೆ ಸುಮಾರು ಒಂದು ವಾಯುಭಾರದಷ್ಟು ಒತ್ತಡ ಹೆಚ್ಚುತ್ತದೆ. 9 ಮೀಟರ್ ಆಳದಲ್ಲಿ ಒತ್ತಡವು ಮೇಲ್ಮೈಯಲ್ಲಿರುವುದರ ಹತ್ತಿರಹತ್ತಿರ ಎರಡರಷ್ಟು. ಸ್ಕೂಬಾ ಸಾಧನವು ಆಯಾ ಆಳದ ಒತ್ತಡಕ್ಕೆ ಸಮನಾದ ಒತ್ತಡದಲ್ಲೇ ಗಾಳಿಯನ್ನು ಕೊಡುತ್ತದೆ. ಆ ಆಳದಲ್ಲಿ ಐದು ಲೀಟರ್ ಗಾಳಿಯನ್ನು ಎಳೆದುಕೊಂಡವನು ಉಸಿರು ಬಿಗಿಹಿಡಿದು ಮೇಲೆ ಬಂದರೆ, ಬಾಯ್ಲನ ನಿಯಮದಂತೆ ಅದೇ ಗಾಳಿ ಒಂಬತ್ತು ಲೀಟರಿಗೂ ಹೆಚ್ಚು ಹಿಗ್ಗಲು ಯತ್ನಿಸುತ್ತದೆ, ಶ್ವಾಸಕೋಶ ಹರಿಯಬಹುದು. ಆದ್ದರಿಂದಲೇ, ಉಸಿರನ್ನು ಎಂದೂ ಕಟ್ಟಬಾರದು ಎಂಬುದು ಸ್ಕೂಬಾ ಕಲಿಕೆಯ ಮೊದಲ ಪಾಠ. ತೊಟ್ಟಿಯಲ್ಲಿ ಅಲೆ, ಸೆಳವು, ಮಬ್ಬುನೀರು ಇಲ್ಲದಿರುವುದು ಅನುಕೂಲಕರವಾದರೂ ಈ ಭೌತನಿಯಮಕ್ಕೆ ಅಲ್ಲಿಯೂ ವಿನಾಯಿತಿಯಿಲ್ಲ.

ವಿವಾದ

ರಾಲ್ಫ್ ಮತ್ತು ನಾರ್ಟನ್ ಎಂಬ ಎರಡು ತಿಮಿಂಗಿಲ ಶಾರ್ಕ್‌ಗಳು 2007ರ ಜನವರಿ ಮತ್ತು ಜೂನ್ ತಿಂಗಳುಗಳಲ್ಲಿ ಮರಣಹೊಂದಿದವು. ತೊಟ್ಟಿಯಲ್ಲಿನ ಪರೋಪಜೀವಿಗಳ ನಿವಾರಣೆಗೆ ಬಳಸಿದ ರಾಸಾಯನಿಕದ ಬಳಿಕ ಅವೆರಡರ ಹಸಿವು ಕುಗ್ಗಿತ್ತು. ಮುಂದೆ ಆ ಚಿಕಿತ್ಸೆಯನ್ನು ಕೈಬಿಡಲಾಯಿತು. ಅದೇ ಜೂನ್‌ನಲ್ಲಿ ತಾರೋಕೊ ಮತ್ತು ಯೂಶಾನ್ ಎಂಬ ಇನ್ನೆರಡನ್ನು ತೈವಾನಿನಿಂದ ತರಲಾಯಿತು. 2020ರಲ್ಲಿ ಟ್ರಿಕ್ಸಿ ಎಂಬ ಹೆಣ್ಣು ಶಾರ್ಕ್ ತೀರಿಕೊಂಡಿತು.

ಎಷ್ಟೇ ದೊಡ್ಡ ತೊಟ್ಟಿಯೂ ಸಾಗರವಾಗದು. ದೂರ ಸಂಚರಿಸುವ ಪ್ರಾಣಿಗೆ ಸೆರೆವಾಸ ಸಲ್ಲದು ಎಂಬುದು ವಿರೋಧಿಗಳ ವಾದ. ರಕ್ತಪರೀಕ್ಷೆ, ಆಹಾರದ ಪ್ರಮಾಣ ಮೊದಲಾದ ಅಧ್ಯಯನಗಳು ಸಾಗರದಲ್ಲಿ ಕಷ್ಟಸಾಧ್ಯ. ಕಣ್ಣಾರೆ ಕಂಡವರಲ್ಲಿ ಸಂರಕ್ಷಣೆಯ ಕಾಳಜಿ ಮೂಡುತ್ತದೆ ಎಂಬುದು ಬೆಂಬಲಿಗರ ಉತ್ತರ. ಜಪಾನಿನ ಓಕಿನಾವಾ ಚುರೌಮಿ ಅಕ್ವೇರಿಯಂನಲ್ಲಿ 1995ರಿಂದ ಸಾಕಲಾದ ಜಿಂಟಾ ಎಂಬ ತಿಮಿಂಗಿಲ ಶಾರ್ಕ್ ಎರಡು ದಶಕಗಳಿಗೂ ಹೆಚ್ಚು ಕಾಲ ಬದುಕಿದ್ದನ್ನು ಅವರು ಉದಾಹರಿಸುತ್ತಾರೆ. ಜಾತಿಯಿಂದ ಜಾತಿಗೆ ಪರಿಸ್ಥಿತಿ ಬೇರೆ ಎಂಬುದನ್ನೂ ಗಮನಿಸಬೇಕು. ಕ್ಯಾಲಿಫೋರ್ನಿಯಾದ ಮಾಂಟೆರೆ ಬೇ ಅಕ್ವೇರಿಯಂ 2004ರಲ್ಲಿ ಎಳೆಯ ಬಿಳಿ ಶಾರ್ಕ್ ಒಂದನ್ನು 198 ದಿನ ಇಟ್ಟುಕೊಂಡು, ಅದು ಇತರ ಶಾರ್ಕ್‌ಗಳ ಮೇಲೆರಗಿದ ಬಳಿಕ 2005ರಲ್ಲಿ ಸಾಗರಕ್ಕೆ ಮರಳಿ ಬಿಟ್ಟಿತು.

ಭಾರತದ ಸಂದರ್ಭ

ಒಂದು ಕಾಲಕ್ಕೆ ಗುಜರಾತಿನ ಕರಾವಳಿಯಲ್ಲಿ ತಿಮಿಂಗಿಲ ಶಾರ್ಕ್‌ಗಳನ್ನು ಮಾಂಸ ಮತ್ತು ಎಣ್ಣೆಗಾಗಿ ಬೇಟೆಯಾಡಲಾಗುತ್ತಿತ್ತು. 2001ರಲ್ಲಿ ಭಾರತ ಸರ್ಕಾರವು ಇದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿಸಿ ಬೇಟೆಯನ್ನು ನಿಷೇಧಿಸಿತು. ಅನಂತರದ ಜಾಗೃತಿ ಅಭಿಯಾನದ ಫಲವಾಗಿ, ಬಲೆಗೆ ಸಿಕ್ಕ ಶಾರ್ಕ್‌ಗಳನ್ನು ಮೀನುಗಾರರೇ ಬಲೆ ಕತ್ತರಿಸಿ ಬಿಡತೊಡಗಿದರು. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು 2016ರಲ್ಲಿ ಈ ಜಾತಿಯನ್ನು ಅಳಿವಿನಂಚಿನಲ್ಲಿರುವ ಜೀವಿಗಳ ವರ್ಗಕ್ಕೆ ಸೇರಿಸಿದೆ. ಕರ್ನಾಟಕದಲ್ಲಿ ಸ್ಕೂಬಾ ಡೈವಿಂಗ್ ನಡೆಯುವ ಪ್ರಮುಖ ತಾಣವೆಂದರೆ ಮುರುಡೇಶ್ವರದ ಸಮೀಪದ ನೇತ್ರಾಣಿ ದ್ವೀಪ. ಅಲ್ಲಿ ಡೈವಿಂಗ್ ನಡೆಯುವುದು ತೆರೆದ ಕಡಲಿನಲ್ಲಿ. ಶಾರ್ಕ್ ಕಾಣುವುದೂ ಕಾಣದಿರುವುದೂ ಅಲ್ಲಿ ಕಡಲಿಗೇ ಬಿಟ್ಟದ್ದು.