ಎರಡನೆಯ ಕೃತಿಯ ದುರ್ದೈವ

ಚೊಚ್ಚಲ ಮಗುವಿಗೆ ಸಲ್ಲುವ ಆದರ ಎರಡನೆಯದಕ್ಕೆ ಸಲ್ಲುವುದಿಲ್ಲವೆಂಬುದು ಮನೆಮನೆಯ ಮಾತು. ಚೊಚ್ಚಲಿಗೆ ಹೊಸ ತೊಟ್ಟಿಲು, ಹೊಸ ಕುಲಾವಿ. ಎರಡನೆಯದಕ್ಕೆ ಅಣ್ಣನ ಮೈಗೆ ಚಿಕ್ಕದಾದ ಅಂಗಿ. ಕಲಾಕೃತಿಗಳ ವಿಷಯದಲ್ಲಿಯೂ ಲೋಕವು ಇದೇ ನ್ಯಾಯವನ್ನು ನಡೆಸುತ್ತ ಬಂದಿರುವಂತೆ ತೋರುತ್ತದೆ. ಕೆ. ಎಸ್. ನರಸಿಂಹಸ್ವಾಮಿಯವರ ‘ಮೈಸೂರ ಮಲ್ಲಿಗೆ’ ಪ್ರಕಟವಾದುದು 1942ರಲ್ಲಿ. ಅದನ್ನು ಅರಿಯದ ಕನ್ನಡಿಗನಿಲ್ಲ. ಆದರೆ 1945ರಲ್ಲಿ ಬಂದ ‘ಐರಾವತ’ದ ಹೆಸರನ್ನು ತರಗತಿಯಲ್ಲಿ ಹೇಳಿದರೆ ಎಂ.ಎ. ವಿದ್ಯಾರ್ಥಿಗಳೂ ಪರಸ್ಪರ ಮುಖ ನೋಡಿಕೊಳ್ಳುತ್ತಾರೆ. ಅರ್ಧ ಶತಮಾನಕ್ಕೂ ಮಿಕ್ಕಿ ಕಾವ್ಯವನ್ನು ಬರೆದ ಆ ಹಿರಿಯರು ಜನಮನದಲ್ಲಿ ಇಂದಿಗೂ ಮಲ್ಲಿಗೆಯ ಕವಿಗಳಾಗಿಯೇ ಉಳಿದಿದ್ದಾರೆ.

ನಾನು ಇಲ್ಲಿ ಹೇಳಹೊರಟಿರುವುದು ಕಾವ್ಯದ ವಿಷಯವನ್ನಲ್ಲ, ಒಂದು ಧ್ವನಿಮುದ್ರಿಕೆಯ ವಿಷಯವನ್ನು; ಅದೂ ಆಂಗ್ಲರ ನಾಡಿನದು. ಕಲಬುರಗಿಯ ಅಂಚಿನ ಕುಸನೂರಿನಲ್ಲಿ ಕುಳಿತು ಹಳಗನ್ನಡವನ್ನು ಪಾಠ ಹೇಳುವವನಿಗೆ ಇದೇಕೆಂದು ವಾಚಕರು ಕೇಳಬಹುದು. ಅದಕ್ಕೆ ಉತ್ತರವನ್ನು ಮುಂದೆ ಕೊಡುತ್ತೇನೆ. ಮೊದಲು ಕೃತಿಯ ಪರಿಚಯವಾಗಲಿ.

ಇಂಗ್ಲೆಂಡಿನ ಪಶ್ಚಿಮದಲ್ಲಿ ಬ್ರಿಸ್ಟಲ್ ಎಂಬ ಬಂದರು ನಗರವಿದೆ. ಗುಲಾಮರ ವ್ಯಾಪಾರದಿಂದ ಸಿರಿವಂತವಾದ ಊರು ಅದು. ಎರಡನೆಯ ಮಹಾಯುದ್ಧದ ತರುವಾಯ ಜಮೈಕಾ ಮೊದಲಾದ ದ್ವೀಪಗಳಿಂದ ಬಂದ ಕರಿಯ ಜನರು ಅಲ್ಲಿ ನೆಲೆಸಿದರು. ತಮ್ಮ ಲಯವನ್ನೂ, ಬೀದಿಯಲ್ಲಿ ದೊಡ್ಡ ಧ್ವನಿವರ್ಧಕಗಳನ್ನಿಟ್ಟು ಕುಣಿಯುವ ಪದ್ಧತಿಯನ್ನೂ ತಂದರು. ಅಮೆರಿಕದ ಹಿಪ್‌-ಹಾಪ್, ಜಮೈಕಾದ ರೆಗೆ, ಹಳೆಯ ಚಲನಚಿತ್ರಗಳ ವಾದ್ಯಸಂಗೀತ ಇವೆಲ್ಲ ಅಲ್ಲಿ ಒಂದರೊಳಗೊಂದು ಬೆರೆತವು. ಬಹಮನಿಗಳ ಕೋಟೆ, ಬಂದೇನವಾಜರ ದರ್ಗಾ, ಶರಣಬಸವೇಶ್ವರರ ಗುಡಿ ಇವುಗಳ ನಡುವೆ ಕನ್ನಡ, ಉರ್ದು, ತೆಲುಗು, ಮರಾಠಿಗಳನ್ನು ಒಂದೇ ಉಸಿರಿನಲ್ಲಿ ಆಡುವ ನಮ್ಮ ಊರಿನವರಿಗೆ ಇಂತಹ ಬೆರಕೆ ಅಪರಿಚಿತವೆನಿಸಲಾರದು. ನಿಧಾನಗತಿಯ, ಮಬ್ಬುಗತ್ತಲೆಯಂಥ ಈ ಸಂಗೀತಕ್ಕೆ 1994ರಲ್ಲಿ ಒಂದು ಇಂಗ್ಲಿಷ್ ಪತ್ರಿಕೆಯು ಬಳಸಿದ ‘ಟ್ರಿಪ್‌-ಹಾಪ್’ ಎಂಬ ಹೆಸರು ಅಂಟಿಕೊಂಡಿತು.

ಇದರ ಒಂದು ಬಹು ಮುಖ್ಯ ತಂಡ ಪೋರ್ಟಿಸ್‌ಹೆಡ್. ಬ್ರಿಸ್ಟಲಿನ ಹತ್ತಿರವೇ ಇರುವ ಒಂದು ಚಿಕ್ಕ ಊರಿನ ಹೆಸರದು. ತಂಡದ ಜೆಫ್ ಬ್ಯಾರೊ ಬೆಳೆದದ್ದು ಅಲ್ಲಿ. ಧ್ವನಿಮುದ್ರಣಾಲಯವೊಂದರಲ್ಲಿ ಟೇಪು ಹಚ್ಚುವ ಹುಡುಗನಾಗಿ ಅವನು ಕೆಲಸಕ್ಕಿದ್ದವನು. ಗಾಯಕಿ ಬೆತ್ ಗಿಬ್ಬನ್ಸ್ ಅವನಿಗೆ ಪರಿಚಯವಾದದ್ದು 1991ರಲ್ಲಿ, ನಿರುದ್ಯೋಗಿಗಳಿಗಾಗಿ ಸರಕಾರ ನಡೆಸುತ್ತಿದ್ದ ಒಂದು ತರಬೇತಿಯ ಬಿಡುವಿನ ವೇಳೆಯಲ್ಲಿ. ಇವರಿಬ್ಬರೊಡನೆ ವಯಸ್ಸಿನಲ್ಲಿ ಹಿರಿಯನಾದ, ಜಾಝ್ ಸಂಗೀತದಲ್ಲಿ ಪಳಗಿದ ಗಿಟಾರ್ ವಾದಕ ಏಡ್ರಿಯನ್ ಅಟ್ಲಿ ಸೇರಿದನು. 1994ರ ಆಗಸ್ಟಿನಲ್ಲಿ ಇವರ ಮೊದಲ ಕೃತಿ ‘ಡಮ್ಮಿ’ ಹೊರಬಂದಿತು. ಮರುವರ್ಷ ಬ್ರಿಟನ್ನಿನ ಪ್ರತಿಷ್ಠಿತ ಮರ್ಕ್ಯುರಿ ಪ್ರಶಸ್ತಿ ಅದಕ್ಕೆ ಲಭಿಸಿತು.

‘ಡಮ್ಮಿ’ಯ ಗುಟ್ಟು ಏನು? ಹಳೆಯ ಗ್ರಾಮಫೋನ್ ತಟ್ಟೆಯ ಒಂದು ತುಣುಕನ್ನು ಕತ್ತರಿಸಿ, ಅದು ಮರಳಿ ಮರಳಿ ಬರುವಂತೆ ಮಾಡಿ, ಅದರ ಮೇಲೆ ಹೊಸ ಹಾಡನ್ನು ಕಟ್ಟುವುದು ಈ ಸಂಗೀತದ ರೂಢಿ. ‘ಡಮ್ಮಿ’ಯ ಅತ್ಯಂತ ಪ್ರಸಿದ್ಧವಾದ ಎರಡು ಗೀತೆಗಳಲ್ಲಿ ಒಂದು ಲಾಲೊ ಶಿಫ್ರಿನ್‌ನ ವಾದ್ಯರಚನೆಯ ಮೇಲೆಯೂ ಇನ್ನೊಂದು ಐಸಾಕ್ ಹೇಯ್ಸ್‌ನ ಹಾಡಿನ ಮೇಲೆಯೂ ನಿಂತಿವೆ. ತಟ್ಟೆಯ ಮೇಲಿನ ಮುಳ್ಳಿನ ಕರಕರ ಶಬ್ದವೂ ಅಲ್ಲಿ ಸಂಗೀತದ ಭಾಗವಾಗಿದೆ. ಈ ಹಳೆಯತನದ ಮಧ್ಯದಿಂದ ಗಿಬ್ಬನ್ಸಳ ಸಣ್ಣ, ನೊಂದ ಧ್ವನಿ ಎದ್ದುಬರುವುದು. ಕೇಳುವವನಿಗೆ ದುಃಖವೂ ಆಗುವುದು, ಆ ದುಃಖದಲ್ಲಿ ಒಂದು ಸುಖವೂ ದೊರೆಯುವುದು. ನಮ್ಮ ಆಲಂಕಾರಿಕರು ಕರುಣರಸದ ವಿಷಯವಾಗಿ ಹೇಳಿದುದು ಇದನ್ನೇ.

ಇನ್ನು ಎರಡನೆಯದು. ಮೂರು ವರ್ಷಗಳ ತರುವಾಯ, 1997ರ ಸೆಪ್ಟೆಂಬರಿನ ಕೊನೆಯಲ್ಲಿ ಅದು ಬಂದಿತು. ಅದಕ್ಕೆ ಪ್ರತ್ಯೇಕ ಹೆಸರನ್ನು ಕೂಡ ಇಡಲಿಲ್ಲ; ತಂಡದ ಹೆಸರೇ ಅದರ ಹೆಸರು. ಹನ್ನೊಂದು ಹಾಡುಗಳು. ಮಾರಾಟದಲ್ಲಿ ಅದು ಸೋತಿತೆಂದು ಹೇಳಲಾಗದು. ಬ್ರಿಟನ್ನಿನ ಪಟ್ಟಿಯಲ್ಲಿ ಎರಡನೆಯ ಸ್ಥಾನಕ್ಕೂ ಏರಿತು. ಮೆಚ್ಚಿದ ವಿಮರ್ಶಕರೂ ಇಲ್ಲದಿರಲಿಲ್ಲ. ಆದರೆ ವರ್ಷಗಳು ಕಳೆದಂತೆ ಅದರ ಮಾತು ನಿಂತುಹೋಯಿತು. ಮೊದಲಿನದನ್ನೇ ಇನ್ನಷ್ಟು ಕಪ್ಪುಮಸಿಯಲ್ಲಿ ಬರೆದಿದ್ದಾರೆ ಎಂಬ ಭಾವನೆ ಬೇರೂರಿತು. 2008ರಲ್ಲಿ ಮೂರನೆಯ ಕೃತಿ ಬಂದಾಗ ಅದರ ಧೈರ್ಯವನ್ನು ಎಲ್ಲರೂ ಕೊಂಡಾಡಿದರು. ಮೊದಲನೆಯದರ ಸೊಬಗಿಗೂ ಮೂರನೆಯದರ ಧೈರ್ಯಕ್ಕೂ ನಡುವೆ ಸಿಕ್ಕಿ ಎರಡನೆಯದು ಕಣ್ಮರೆಯಾಯಿತು.

ನಾನೂ ಅದನ್ನು ತಳ್ಳಿಹಾಕಿದವರಲ್ಲಿ ಒಬ್ಬನು. ಇದು ಬರಿಯ ರುಚಿಯ ಪ್ರಶ್ನೆಯಾಗಿದ್ದರೆ ಈ ಲೇಖನವನ್ನು ಬರೆಯುತ್ತಿರಲಿಲ್ಲ.

2009ರ ಮಾತು. ಬಿ.ಎ. ತರಗತಿಯಲ್ಲಿ ಒಬ್ಬ ಹುಡುಗನಿದ್ದ. ತೊಗರಿ ಬೆಳೆಯುವ ಮನೆತನದವನು; ಮಾತು ಕಡಿಮೆ. ಕಾಲೇಜಿನ ವಾರ್ಷಿಕ ಸಂಚಿಕೆಗೆ ಅವನು ಬರೆದ ಕಥೆ ಬಹುಮಾನ ಪಡೆಯಿತು. ಅಜ್ಜಿ, ರಾಶಿಯ ಕಣ, ಎಳ್ಳಮಾವಾಸ್ಯೆಯ ಚರಗ ಇವುಗಳ ಸುತ್ತ ಹೆಣೆದ ಇಂಪಾದ ಕಥೆ. ನಾನು ಅದನ್ನು ಮೂರು ತರಗತಿಗಳಲ್ಲಿ ಓದಿ ಹೇಳಿದೆ. ಕೆಲವು ತಿಂಗಳ ಮೇಲೆ ಎರಡನೆಯ ಕಥೆಯನ್ನು ತಂದುಕೊಟ್ಟನು. ಅದೇ ಹೊಲ, ಅದೇ ಅಜ್ಜಿ. ಆದರೆ ಚರಗವಿಲ್ಲ, ಹಾಡಿಲ್ಲ. ಸಾಲದ ಚೀಟಿಗಳಿದ್ದವು, ವಾಕ್ಯಗಳು ಮೊಟಕಾಗಿದ್ದವು. ‘ಮೊದಲಿನ ಹದ ಇಲ್ಲಿಲ್ಲ’ ಎಂದು ಕೆಂಪು ಮಸಿಯಲ್ಲಿ ಬರೆದು ಮರಳಿಸಿದೆ. ಅದೇ ದಿನಗಳಲ್ಲಿ ಅವನು ಒಂದು ಸಿ.ಡಿ.ಯನ್ನೂ ಕೊಟ್ಟಿದ್ದನು. ಪೋರ್ಟಿಸ್‌ಹೆಡ್ ತಂಡದ ಎರಡೂ ಕೃತಿಗಳು ಅದರಲ್ಲಿದ್ದವು. ಮೊದಲನೆಯದನ್ನು ಹಲವು ರಾತ್ರಿ ಕೇಳಿದೆ. ಎರಡನೆಯದರ ಮೊದಲ ಹಾಡು ಮುಗಿಯುವುದರೊಳಗೆ ನಿಲ್ಲಿಸಿದೆ. ಅವನಿಗೆ ಕೊಟ್ಟ ತೀರ್ಪೂ ಅದೇ: ಮೊದಲಿನ ಹದ ಇಲ್ಲಿಲ್ಲ.

ಆ ಹುಡುಗ ಮತ್ತೆ ಕಥೆ ಬರೆಯಲಿಲ್ಲ.

ಕಳೆದ ಬೇಸಗೆಯಲ್ಲಿ ಅವನು ಮದುವೆಯೊಂದಕ್ಕೆ ಊರಿಗೆ ಬಂದವನು ನಮ್ಮ ಮನೆಗೂ ಬಂದಿದ್ದನು. ಈಗ ಬೆಂಗಳೂರಿನಲ್ಲಿ ನೌಕರಿ; ತಲೆಯಲ್ಲಿ ಒಂದೆರಡು ನರೆಗೂದಲು. ಸಂಜೆ ವಿದ್ಯುತ್ತು ಹೋಗಿ, ಅಂಗಳದಲ್ಲಿ ಕುಳಿತಿದ್ದೆವು. ಹಾಡಿನ ಮಾತು ಬಂದಾಗ, ‘ಡಮ್ಮಿ ಈಗಲೂ ಕೇಳುತ್ತೇನಪ್ಪಾ’ ಎಂದೆ. ಅವನು ನಕ್ಕು, ‘ಎರಡನೇದು ಇನ್ನೊಮ್ಮಿ ಕೇಳ್ರಿ ಸರ್, ಪೂರಾ ಕೇಳ್ರಿ’ ಎಂದನು. ತನ್ನ ಮೊಬೈಲಿನಿಂದಲೇ ಹಚ್ಚಿ ಹೆಡ್‌ಫೋನನ್ನು ನನ್ನ ಕೈಗಿತ್ತನು. ಕತ್ತಲೆಯಲ್ಲಿ ಐವತ್ತು ನಿಮಿಷ ಕುಳಿತು ಕೇಳಿದೆ. ಆತನು ನಡುವೆ ಒಂದು ಮಾತನ್ನೂ ಆಡಲಿಲ್ಲ.

ಅಂದು ನನಗೆ ಕೇಳಿಸಿದುದನ್ನು ಹೇಳಲು ಯತ್ನಿಸುತ್ತೇನೆ. ಮೊದಲ ಹಾಡು ‘ಕೌಬಾಯ್ಸ್’. ಗಿಟಾರಿನ ಒರಟು ಬಡಿತ. ಗಿಬ್ಬನ್ಸಳ ಕಂಠ ಹಿಂಡಿದಂತೆ, ಹಲ್ಲು ಕಚ್ಚಿ ನುಡಿದಂತೆ ಇದೆ. ‘ಡಮ್ಮಿ’ಯಲ್ಲಿ ಮರುಕವನ್ನು ಬೇಡುತ್ತಿದ್ದವಳು ಇಲ್ಲಿ ಲೆಕ್ಕವನ್ನು ಕೇಳುತ್ತಾಳೆ. ‘ಆಲ್ ಮೈನ್’ ಎಂಬಲ್ಲಿ ಹಿತ್ತಾಳೆಯ ವಾದ್ಯಗಳು ವಿಜೃಂಭಣೆಯಿಂದ ಮೊಳಗುತ್ತವೆ. ಆದರೆ ಹಾಡುತ್ತಿರುವ ಪ್ರೇಮ ಮಾತ್ರ ಹಿಡಿದ ಕೈಯನ್ನು ಬಿಡಲೊಲ್ಲದ, ಭಯ ಹುಟ್ಟಿಸುವ ಪ್ರೇಮ. ‘ಹಾಫ್ ಡೇ ಕ್ಲೋಸಿಂಗ್’ ಹಾಡಿನಲ್ಲಿ ಧ್ವನಿಯನ್ನು ತಿರುಗುವ ಯಂತ್ರದ ಮೂಲಕ ಹಾಯಿಸಿದ್ದಾರೆ. ಅದು ನಡುಗುತ್ತ ನಡುಗುತ್ತ ಕೊನೆಗೆ ಬರಿಯ ಚೀರಾಟವಾಗುತ್ತದೆ. ಇವುಗಳ ನಡುವೆ ‘ಅನ್‌ಡಿನೈಡ್’ ಎಂಬ ಮೆಲ್ಲನೆಯ ಹಾಡು. ಅದನ್ನು ಕೇಳದೆ ಈ ಕೃತಿಯಲ್ಲಿ ಮಾರ್ದವವಿಲ್ಲವೆನ್ನುವುದು ಅನ್ಯಾಯ.

ಆದರೆ ನಿಜವಾದ ವ್ಯತ್ಯಾಸ ಇನ್ನೂ ಆಳದಲ್ಲಿದೆ. ಈ ಸಲ ಇವರು ಇತರರ ಹಳೆಯ ತಟ್ಟೆಗಳನ್ನು ಬಹುಮಟ್ಟಿಗೆ ಬಿಟ್ಟುಕೊಟ್ಟರು. ಬೇಕಾದ ವಾದ್ಯಸಂಗೀತವನ್ನು ತಾವೇ ರಚಿಸಿ, ನುಡಿಸಿ, ಮುದ್ರಿಸಿ, ಅದನ್ನು ತಟ್ಟೆಗೆ ಒತ್ತಿಸಿ, ಆ ತಟ್ಟೆಯನ್ನು ಮತ್ತೆ ಹಳೆಯದರಂತೆ ಕತ್ತರಿಸಿ ಬಳಸಿದರು. ‘ಡಮ್ಮಿ’ಯಲ್ಲಿಯೂ ಈ ಕೌಶಲ ಸ್ವಲ್ಪಮಟ್ಟಿಗೆ ಇದ್ದಿತು, ಇಲ್ಲಿ ಅದೇ ನಿಯಮವಾಯಿತು. ‘ಓನ್ಲಿ ಯು’ ಎಂಬ ಹಾಡಿನಂತಹ ಅಪವಾದಗಳು ಇಲ್ಲದಿಲ್ಲ. ಕೊನೆಯ ಹಾಡಿನಲ್ಲಂತೂ ಹಳೆಯ ಕಾಲದ ಗಾಯಕನೊಬ್ಬನ ಧ್ವನಿ ದೂರದಿಂದೆಂಬಂತೆ ಕೇಳಿಬರುತ್ತದೆ. ಇಂಥ ತಂಡದ ಇಂಥ ಹಾಡಿನಿಂದ ಎತ್ತಿಕೊಂಡದ್ದೆಂದು ಹೊದಿಕೆಯ ಮೇಲೆ ಅಚ್ಚಾಗಿದೆ. ವಾಸ್ತವವಾಗಿ ಅಂತಹ ತಂಡವೂ ಇರಲಿಲ್ಲ, ಹಾಡೂ ಇರಲಿಲ್ಲ. ಎಲ್ಲವೂ ಇವರದೇ ಸೃಷ್ಟಿ. ಎರವಲು ತಂದ ಗತಕಾಲದಲ್ಲಿ ವಾಸಿಸಿದವರು ಈಗ ತಮ್ಮ ಗತಕಾಲವನ್ನು ತಾವೇ ದುಡಿದು ಕಟ್ಟಿಕೊಂಡರು. ಆದುದರಿಂದಲೇ ಇಲ್ಲಿ ಹಳೆಯ ನೆನಪಿನ ಸವಿ ಕಡಿಮೆ. ಎರವಲು ತಂದ ನೆನಪಿನಲ್ಲಿ ಬೇರೊಬ್ಬರ ಸುಖವೂ ಬೆರೆತಿರುತ್ತದೆ; ಸ್ವಂತ ನೆನಪಿನಲ್ಲಿ ಅಷ್ಟು ಸುಖವಿರಬೇಕೆಂಬ ನಿಯಮವಿಲ್ಲ. ಅವರು ತಮ್ಮ ಹೆಸರನ್ನೇ ಈ ಕೃತಿಗೆ ಇಟ್ಟುದು ಉಚಿತವೆಂದು ಈಗ ನನಗೆ ತೋರುತ್ತದೆ.

ಹಾಗಾದರೆ ಇಷ್ಟು ದೊಡ್ಡ ಬದಲಾವಣೆ ನಮಗೇಕೆ ಕೇಳಿಸಲಿಲ್ಲ? ಇಲ್ಲಿ ನನಗೆ ಪಂಪನ ನೆನಪಾಗುತ್ತದೆ. ಅವನಿಗೂ ಎರಡು ಕೃತಿಗಳು. ಆದಿಪುರಾಣವನ್ನು ಮೂರು ತಿಂಗಳಲ್ಲಿ, ವಿಕ್ರಮಾರ್ಜುನ ವಿಜಯವನ್ನು ಆರು ತಿಂಗಳಲ್ಲಿ ಮುಗಿಸಿದುದಾಗಿ ಅವನೇ ಹೇಳಿಕೊಂಡಿದ್ದಾನೆ. ಎರಡನೆಯದು ಮೊದಲನೆಯದರ ನೆರಳಿನಲ್ಲಿ ಮುದುಡಲಿಲ್ಲ. ಒಂದು ಜಿನಾಗಮವನ್ನು ಬೆಳಗುವ ಕಾವ್ಯ, ಇನ್ನೊಂದು ಲೌಕಿಕವನ್ನು ಬೆಳಗುವ ಕಾವ್ಯ. ವಸ್ತುವೇ ಬೇರೆಯಾದುದರಿಂದ ಪಂಪಭಾರತದಲ್ಲಿ ಆದಿದೇವನ ಭವಾವಳಿ ಇಲ್ಲವೆಂದು ಆಕ್ಷೇಪಿಸುವ ಓದುಗನಿಲ್ಲ. ಪೋರ್ಟಿಸ್‌ಹೆಡ್ ತಂಡದ ಮೂರನೆಯ ಕೃತಿಗೂ ಇದೇ ಅನುಕೂಲವಿತ್ತು. ಹನ್ನೊಂದು ವರ್ಷಗಳ ಮೌನದ ಮೇಲೆ, ಬೇರೆಯೇ ನಾದದೊಡನೆ ಬಂದುದರಿಂದ ಅದನ್ನು ಹೊಸದೆಂದು ಎಲ್ಲರೂ ಗುರುತಿಸಿದರು. ಎರಡನೆಯದಾದರೋ ಹೊರಗಿನಿಂದ ಅಕ್ಕನಂತೆಯೇ ಕಾಣುವ ತಂಗಿ. ಅದೇ ಕಂಠ, ಅದೇ ನಿಧಾನಗತಿ, ಅದೇ ಕತ್ತಲೆ. ಒಳಗೆ ಬೇರೆಯಾಗಿದ್ದು ಹೊರಗೆ ಹೋಲುವುದು ಅದರ ದುರ್ದೈವ. ನಾವು ಅಕ್ಕನ ನಗೆಯನ್ನು ತಂಗಿಯ ಮುಖದಲ್ಲಿ ಹುಡುಕಿ, ಕಾಣದೆ ಬೇಸರಗೊಂಡೆವು.

ಆ ಹುಡುಗನ ಎರಡನೆಯ ಕಥೆಗೆ ನಾನು ಮಾಡಿದುದೂ ಇದನ್ನೇ. ಮೊದಲ ಕಥೆಯ ಇಂಪಿನಲ್ಲಿ ಅರ್ಧ ಅವನದಾಗಿರಲಿಲ್ಲ. ನಾವು ತರಗತಿಯಲ್ಲಿ ಓದಿಸಿದ ಹಿರಿಯ ಕಥೆಗಾರರದಾಗಿತ್ತು. ಎರಡನೆಯದರಲ್ಲಿ ಅವನು ಎರವಲನ್ನು ಹಿಂದಿರುಗಿಸಿ ತನ್ನ ಮನೆಯ ಸಂಗತಿಯನ್ನು ತನ್ನ ಮಾತಿನಲ್ಲಿ ಹೇಳಹೊರಟಿದ್ದನು. ಹದ ತಪ್ಪಿದುದು ನನ್ನ ಕಿವಿ.

ಹೆಡ್‌ಫೋನನ್ನು ತೆಗೆದಿಟ್ಟು, ಆ ಕಥೆ ಇನ್ನೂ ಇದೆಯೇ ಎಂದು ಕೇಳಿದೆ. ಯಾವ ಕಥೆ ಎಂದು ಅವನು ಕೇಳಲಿಲ್ಲ. ‘ಅದೆಲ್ಲಿ ಉಳದದರಿ ಸರ್, ಅವತ್ತೇ ಹರದು ಒಗದಿದ್ದೆ’ ಎಂದನು. ಧ್ವನಿಯಲ್ಲಿ ದೂರು ಇರಲಿಲ್ಲ. ನಾನು ತಪ್ಪಾಯಿತೆಂದೆ. ಅವನು ಎದ್ದು, ವಾಡಿಕೆಯಂತೆ ಕಾಲು ಮುಟ್ಟಿ ನಮಸ್ಕರಿಸಿ, ರಾತ್ರಿಯ ಬಸ್ಸಿಗೆ ಹೊರಟುಹೋದನು. ಮತ್ತೆ ಬರೆ ಎಂದು ಹೇಳುವ ಅಧಿಕಾರ ನನಗಿದೆಯೆಂದು ತೋರಲಿಲ್ಲ. ಆದರೂ ಬಾಗಿಲಲ್ಲಿ ಹೇಳಿದೆ. ‘ನೋಡೋಣ್ರಿ’ ಎಂದನು.

ಧ್ವನಿಮುದ್ರಿಕೆಗೆ ಆ ಕಥೆಯ ಗತಿ ಬಂದಿಲ್ಲ. ಅದು ಈಗಲೂ ಇದೆ. ಮನಸ್ಸು ಮಾಡಿದವರಿಗೆ ಕ್ಷಣಮಾತ್ರದಲ್ಲಿ ದೊರೆಯುತ್ತದೆ. ಆದುದರಿಂದ ಸಹೃದಯರಲ್ಲಿ ನನ್ನದೊಂದು ಬಿನ್ನಹ. ‘ಡಮ್ಮಿ’ಯನ್ನು ಇನ್ನೂ ಕೇಳದವರು ಅದನ್ನು ಸದ್ಯಕ್ಕೆ ಬದಿಗಿಟ್ಟು, 1997ರ ಈ ಕೃತಿಯಿಂದಲೇ ಆರಂಭಿಸಲಿ. ದೀಪವಾರಿಸಿ, ನಡುವೆ ಏಳದೆ, ಹನ್ನೊಂದು ಹಾಡುಗಳನ್ನೂ ಕೇಳಲಿ. ‘ಡಮ್ಮಿ’ಯನ್ನು ಬಲ್ಲವರು ಒಂದು ಗಂಟೆಯ ಮಟ್ಟಿಗೆ ಅದನ್ನು ಮರೆತು ಕೇಳಲಿ, ಅದು ಕಷ್ಟವೆಂದು ನಾನು ಬಲ್ಲೆ. ನಾನಂತೂ ಈ ವರ್ಷ ವಿದ್ಯಾರ್ಥಿಗಳು ತರುವ ಎರಡನೆಯ ಬರಹದ ಮೇಲೆ, ಅದನ್ನು ಎರಡು ಸಲ ಓದುವವರೆಗೆ, ಕೆಂಪು ಮಸಿಯನ್ನು ತಾಗಿಸುವುದಿಲ್ಲವೆಂದು ನಿಶ್ಚಯಿಸಿದ್ದೇನೆ.